ತಿಪ್ಪೇಶನ ಕಾಗದ

ವೈದ್ಯರು ಬರೆದುಕೊಟ್ಟ ಒಂದು ಕಾಗದವನ್ನು ನಾನು ಗೊತ್ತಿದ್ದೂ ತಪ್ಪಾಗಿ ಓದಿ ಹೇಳಿದೆ. ಅದರಿಂದ ಒಬ್ಬ ಕುರಿಗಾಹಿಯ ಮೊಣಕಾಲು ಹೋಯಿತು. ಕಾಗದದ ಇಂಗ್ಲಿಷು ನನಗೆ ಕಷ್ಟವಾಗಿರಲಿಲ್ಲ, ಅಂಗಡಿಯಲ್ಲಿ ಗದ್ದಲವಿರಲಿಲ್ಲ, ಕನ್ನಡಕ ಮರೆತಿರಲಿಲ್ಲ. ಎರಡು ಸಲ ಓದಿ, ಅರ್ಥ ಮಾಡಿಕೊಂಡು, ಆಮೇಲೆ — ಆಮೇಲೆ ನನಗೆ ಅನುಕೂಲವಾದಷ್ಟನ್ನೇ ಹೇಳಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದರಲ್ಲಿ ಅಲ್ಲಲ್ಲಿ ನನ್ನ ಪರವಾದ ಮಾತು ನುಸುಳಬಹುದು. ಮೂವತ್ತು ವರ್ಷ ಅಂಗಡಿಯಲ್ಲಿ ಕೂತು ಜನರನ್ನು ಒಪ್ಪಿಸಿದ ನಾಲಿಗೆ ಇದು. ಹಾಗೆ ನುಸುಳಿದ್ದು ಕಂಡರೆ ನಂಬಬೇಡಿ.

ಹೊಳಲ್ಕೆರೆಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಔಷಧಿ ಅಂಗಡಿ. ಬೋರ್ಡಿನ ಮೇಲೆ ಏನೇ ಹೆಸರಿದ್ದರೂ ಜನರಿಗೆ ಅದು ಬರೀ ‘ಮೆಡಿಕಲ್’. ನಾನು ಕಲಿತದ್ದು ಔಷಧಿ ಕೊಡುವ ಡಿಪ್ಲೊಮಾ; ಕಾಯಿಲೆ ನೋಡುವ ವಿದ್ಯೆಯಲ್ಲ. ಆದರೆ ಸುತ್ತಲ ಹಳ್ಳಿಗಳಿಂದ ಬರುವವರು ‘ಡಾಕ್ಟ್ರೇ’ ಅಂತಲೇ ಕರೆಯುತ್ತಿದ್ದರು. ಮೊದಮೊದಲು ‘ನಾನು ಡಾಕ್ಟ್ರಲ್ಲಪ್ಪ’ ಅನ್ನುತ್ತಿದ್ದೆ. ಒಂದೆರಡು ವರ್ಷ ಹಾಗೆ ಅಂದಿರಬೇಕು. ಆಮೇಲೆ ನಕ್ಕು ಸುಮ್ಮನಾಗತೊಡಗಿದೆ. ಇನ್ನೂ ಆಮೇಲೆ ಯಾರಾದರೂ ‘ಮೆಡಿಕಲ್‌ನೋರೇ’ ಅಂದರೆ ನನ್ನ ಮುಖ ಸಪ್ಪಗಾಗುತ್ತಿತ್ತು. ವೈದ್ಯಕೀಯ ಸೀಟು ಸಿಗದೆ ಹೋದ ವಿದ್ಯಾರ್ಥಿಯೊಬ್ಬ ನನ್ನೊಳಗೆ ಇನ್ನೂ ಕಾಯುತ್ತಾ ಕೂತಿದ್ದ ಅನ್ನಿ — ಇಲ್ಲ, ಇದೂ ನನ್ನ ಪರವಾದ ಮಾತೇ. ಬಿಡಿ.

ನಮ್ಮ ಕಡೆ ಒಂದು ಪದ್ಧತಿಯಿದೆ. ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡವರು ಬಸ್ಸಿಳಿದು ನೇರ ಮನೆಗೆ ಹೋಗುವುದಿಲ್ಲ. ಸ್ಕ್ಯಾನಿನ ಅಗಲ ಲಕೋಟೆಯನ್ನು ಎದೆಗೆ ಅವಚಿಕೊಂಡು ಮೆಡಿಕಲ್‌ಗೆ ಬರುತ್ತಾರೆ. ‘ಏನ್ ಬರ್ದವ್ರೆ ನೋಡ್ರಿ’ ಅನ್ನುತ್ತಾರೆ. ದೊಡ್ಡ ಡಾಕ್ಟರು ಅವರಿಗೂ ಏನೋ ಹೇಳಿಯೇ ಇರುತ್ತಾರೆ. ಆದರೆ ಅಲ್ಲಿ ಭಯ, ಸಾಲು, ಹೆಸರು ಕೂಗುವ ಗಡಿಬಿಡಿ; ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿದಿರುವುದಿಲ್ಲ. ನಾನು ಓದಿ, ಗಂಟಲು ಸರಿಮಾಡಿಕೊಂಡು, ನಮ್ಮ ಮಾತಿನಲ್ಲಿ ಹೇಳಿದ ಮೇಲೆಯೇ ಅವರ ಮಟ್ಟಿಗೆ ಅದು ಕಾಯಿಲೆಯಾಗುವುದು. ಆಪರೇಷನ್‌ಗೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂಬುದು ಎಷ್ಟೋ ಮನೆಗಳಲ್ಲಿ ನನ್ನ ಕಟ್ಟೆಯ ಮೇಲೆ ತೀರ್ಮಾನವಾಗಿದೆ.

ಇನ್ನೊಂದು ಕೈಗುಣದ ಮಾತು. ಒಂದೇ ಮಾತ್ರೆಯನ್ನು ಇಬ್ಬರು ಕೊಟ್ಟರೂ ಒಬ್ಬನ ಕೈಯಿಂದ ಬಂದದ್ದು ನಾಟುತ್ತದೆ, ಇನ್ನೊಬ್ಬನದು ನಾಟುವುದಿಲ್ಲ ಎಂದು ನಮ್ಮ ಜನ ಗಟ್ಟಿಯಾಗಿ ನಂಬುತ್ತಾರೆ. ನನಗೆ ಕೈಗುಣವಿದೆ ಎಂದು ಚಿಕ್ಕಜಾಜೂರಿನವರೆಗೂ ಸುದ್ದಿಯಿತ್ತು. ಆ ಕೈಗುಣದ ಗುಟ್ಟನ್ನೂ ಹೇಳುತ್ತೇನೆ. ಯಾವ ಚೀಟಿಯೂ ಇಲ್ಲದೆ ನೋವು ಅಂತ ಬಂದವರಿಗೆ ನಾನು ಪೊಟ್ಟಣ ಕಟ್ಟಿಕೊಡುತ್ತಿದ್ದೆ — ಸ್ಟ್ರಿಪ್ಪಿನಿಂದ ಕತ್ತರಿಸಿ ಬಿಡಿಸಿದ ಮೂರು ಮಾತ್ರೆ. ಒಂದು ನೋವಿಗೆ, ಒಂದು ಹೊಟ್ಟೆ ಉರಿಯದಿರಲು, ಇನ್ನೊಂದು ಸಣ್ಣ ಬಿಳಿಯದು. ಆ ಬಿಳಿಯದು ಸ್ಟೀರಾಯ್ಡ್. ವೈದ್ಯರು ಕೊಟ್ಟರೆ ಅದು ಔಷಧಿ. ಅದಕ್ಕೆ ಅಳತೆಯಿದೆ, ಅವಧಿಯಿದೆ, ಇಳಿಸುತ್ತಾ ಬಂದು ನಿಲ್ಲಿಸುವ ಕ್ರಮವಿದೆ. ನನ್ನ ಪೊಟ್ಟಣದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಮೂರು ದಿನದಲ್ಲಿ ಊತ ಇಳಿಯುತ್ತಿತ್ತು, ಜನ ವಾಪಸ್ಸು ಬಂದು ಕೈ ಮುಗಿಯುತ್ತಿದ್ದರು. ನಾನು ಮುಗಿಸಿಕೊಳ್ಳುತ್ತಿದ್ದೆ.

ಸುಮಾರು ಏಳು ವರ್ಷದ ಹಿಂದೆ ತಿಪ್ಪೇಶ ಮೊದಲ ಸಲ ಬಂದದ್ದು ಇಂಥ ಪೊಟ್ಟಣಕ್ಕೇ. ರಾಮಗಿರಿಯವನು. ಆಗ ಇಪ್ಪತ್ತಾರು ವರ್ಷ, ಮದುವೆಯಾಗಿ ಎರಡು ವರ್ಷ. ನೂರಿಪ್ಪತ್ತು ಕುರಿ ಇದ್ದವು. ಬೇಸಿಗೆಯಲ್ಲಿ ಹೊಲ ತೋಟದವರು ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಲು ಕರೆಯುತ್ತಾರಲ್ಲ, ಹಾಗೆ ಮಂದೆ ಹೊಡೆದುಕೊಂಡು ಊರೂರು ನಡೆಯುವವನು. ಹೊಸದುರ್ಗದ ಕಡೆಯಿಂದ ಹಿರಿಯೂರಿನ ತನಕ ಅವನು ನಡೆಯದ ಬದು ಇರಲಿಲ್ಲ. ಬಾಯಿ ಜೋರು, ನಗು ಜಾಸ್ತಿ. ಏಳನೇ ಕ್ಲಾಸು ಓದಿದ್ದ. ಸರದಿ ಬರುವವರೆಗೆ ನನ್ನ ಅಂಗಡಿಯ ದಿನಪತ್ರಿಕೆ ಎತ್ತಿಕೊಂಡು ತಲೆಬರಹಗಳನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದ, ತನ್ನ ವ್ಯಾಖ್ಯಾನವನ್ನೂ ಸೇರಿಸುತ್ತಿದ್ದ.

ಪಂಚೆ ಎತ್ತಿ ಎಡ ಮೊಣಕಾಲು ತೋರಿಸಿದ. ಚಿಪ್ಪಿನ ಸುತ್ತ ಊದಿತ್ತು. ನಾನು ಎರಡು ಹೆಬ್ಬೆರಳಿಂದ ಒತ್ತಿ ನೋಡಿದೆ. ಹಾಗೆ ಒತ್ತಿ ನೋಡುವಾಗ ಜನ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿದ್ದರು — ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

‘ನೀರು ತುಂಬ್ಕೊಂಡಿದೆ. ನಡೆದೂ ನಡೆದೂ ಕೀಲುವಾತ ಆಗಿದೆ,’ ಅಂದೆ.

‘ನಡೀದೆ ಇದ್ರೆ ಕುರಿ ಮೇಯ್ತಾವಾ ಡಾಕ್ಟ್ರೆ? ಅವಕ್ಕೆ ನಾಲ್ಕು ಕಾಲು, ನನಗೆ ಎರಡೇ ಐತೆ. ಸರಿಮಾಡ್ಕೊಡ್ರಿ.’

ಪೊಟ್ಟಣ ಕೊಟ್ಟೆ. ನಾಲ್ಕನೇ ದಿನ ಕುಣಿಯುತ್ತಾ ಬಂದ. ‘ನಿಮ್ಮ ಕೈಗುಣ ಅಂದ್ರೆ ಕೈಗುಣ! ನಮ್ಮ ಟಗರಿಗೂ ಒಂದು ಪೊಟ್ಟಣ ಕಟ್ರಿ, ಮುದಿ ಆಗೈತೆ,’ ಅಂತ ಅಂಗಡಿಯನ್ನೆಲ್ಲ ನಗಿಸಿದ. ಹದಿನೈದು ದಿನಕ್ಕೆ ಊತ ಮತ್ತೆ ಬಂತು. ಮತ್ತೆ ಪೊಟ್ಟಣ. ಹೀಗೆ ಒಂದೂವರೆ ವರ್ಷ. ಒಂದೇ ಕಾಲು, ಒಂದೇ ಕೀಲು, ಬಿಟ್ಟರೆ ಮತ್ತೆ ಅದೇ ಊತ — ಇದು ವಾತವಲ್ಲ, ಒಳಗೆ ಬೇರೆ ಏನೋ ಇದೆ ಎಂದು ಕಲಿತವನಿಗೆ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ‘ಚಿತ್ರದುರ್ಗಕ್ಕೆ ಹೋಗಿ ತೋರಿಸು’ ಅನ್ನುವ ಮಾತು ಎಷ್ಟೋ ಸಲ ತುಟಿಯವರೆಗೆ ಬಂತು. ಹಾಗಂದರೆ ನನಗೆ ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಳ್ಳಲಿಲ್ಲ. ಅಷ್ಟರಲ್ಲಿ ತಿಪ್ಪೇಶನ ಕೆನ್ನೆ ಊದಿಕೊಂಡು ಮುಖ ದುಂಡಗಾಗಿತ್ತು. ಅದು ಆ ಬಿಳಿ ಮಾತ್ರೆಯ ಕೆಲಸ. ಊರಲ್ಲಿ ಮಾತ್ರ ‘ತಿಪ್ಪೇಶ ಮೈ ಕೈ ತುಂಬ್ಕಂಡವ್ನೆ, ಮೆಡಿಕಲ್ ಡಾಕ್ಟ್ರ ಔಷಧಿ ಹಿಡಿದೈತೆ’ ಅಂತ ಮಾತಾಯಿತು. ಆ ಮಾತನ್ನು ಕೇಳಿ ಇನ್ನೂ ಇಬ್ಬರು ರಾಮಗಿರಿಯಿಂದ ಬಂದರು.

ಒಂದು ಮಧ್ಯಾಹ್ನ ರಾಮಗಿರಿ ಸ್ಟೇಷನ್ನಿನ ಆಚೆ ಕುರಿಗಳನ್ನು ಹಳಿ ದಾಟಿಸುವಾಗ ಅವನ ಮೊಣಕಾಲು ಹಿಡಿದುಕೊಂಡುಬಿಟ್ಟಿತು. ಮಡಚಲೂ ಇಲ್ಲ, ಚಾಚಲೂ ಇಲ್ಲ. ಕುರಿಗಳು ದಾಟಿಹೋದವು, ಅವನು ಜಲ್ಲಿಕಲ್ಲಿನ ಮೇಲೆ ಕೂತೇ ಇದ್ದ. ಹೆಂಡತಿ ಸಾಕಮ್ಮ ಓಡಿಬಂದು ಕಂಕುಳಿಗೆ ಕೈಹಾಕಿ ಎಳೆದು ಈಚೆ ತಂದಳು. ಗಾಡಿ ಬಂದದ್ದು ಬಹಳ ಹೊತ್ತಿನ ಮೇಲೆ, ಅಪಾಯವೇನೂ ಆಗಲಿಲ್ಲ. ಆದರೆ ಸಾಕಮ್ಮ ಅಂದೇ ತೀರ್ಮಾನ ಮಾಡಿದಳು. ನನ್ನನ್ನು ಕೇಳದೆ ಗಂಡನನ್ನು ಚಿತ್ರದುರ್ಗದ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರು ಮೊಣಕಾಲಿನಿಂದ ಸೂಜಿಯಲ್ಲಿ ನೀರು ತೆಗೆದರಂತೆ. ಬಣ್ಣ ಕಂದು, ತುಕ್ಕು ಹಿಡಿದ ಕೊಡದಲ್ಲಿಟ್ಟ ನೀರಿನ ಹಾಗೆ. ಸ್ಕ್ಯಾನ್ ಮಾಡಿಸಿದರು. ಕೀಲಿನ ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬಂದ ಮೇಲೆ ಎರಡು ಹಾಳೆಯ ಕಾಗದ ಬರೆದು, ‘ಮನೆಯವರ ಜೊತೆ ಮಾತಾಡಿಕೊಂಡು ಮುಂದಿನ ವಾರ ಬಾ’ ಎಂದರು. ಏನೇನು ಮಾಡಬಹುದು ಎಂದು ಬಾಯಲ್ಲೂ ಹೇಳಿದ್ದರು, ತಿಪ್ಪೇಶನೇ ಹೇಳಿದ. ಆದರೆ ‘ಗಡ್ಡೆ’ ಎಂಬ ಒಂದು ಮಾತು ಕೇಳಿದ ಮೇಲೆ ಅವನಿಗೆ ಮಿಕ್ಕಿದ್ದು ಕೇಳಿಸಿರಲಿಲ್ಲ; ಸಾಕಮ್ಮನನ್ನು ಹೊರಗೇ ಕೂರಿಸಿದ್ದರು. ಬಸ್ಸಿಳಿದು ಗಂಡ ಹೆಂಡತಿ ನೇರ ನನ್ನ ಅಂಗಡಿಗೆ ಬಂದರು.

ಕಟ್ಟೆಯ ಮೇಲೆ ಕಾಗದ ಬಿಡಿಸಿದೆ. ಅಕ್ಷರ ಅಚ್ಚುಕಟ್ಟಾಗಿತ್ತು. ಅದರಲ್ಲಿ ಏನಿತ್ತೆಂದು ನಾನು ಈಗ ನಿಮಗೆ ಹೇಳುತ್ತೇನೆ. ಅಂದು ಅವರಿಗೆ ಹೀಗೆಯೇ ಹೇಳಬೇಕಿತ್ತು.

ಕೀಲಿನ ಒಳಗೋಡೆಗೆ ಒಂದು ತೆಳು ಪೊರೆಯಿರುತ್ತದೆ. ಆ ಪೊರೆಯೇ ದಪ್ಪವಾಗಿ, ಗಂಟುಗಂಟಾಗಿ ಬೆಳೆಯುವ ಗಡ್ಡೆ ಇದು. ಅಪರೂಪದ್ದು. ಕ್ಯಾನ್ಸರ್ ಅಲ್ಲ, ಜೀವಕ್ಕೆ ಭಯವಿಲ್ಲ. ಆದರೆ ಬಿಟ್ಟರೆ ಮೂಳೆಯ ತುದಿಯ ಮೆತ್ತನೆಯ ಪದರವನ್ನೂ ಆಮೇಲೆ ಮೂಳೆಯನ್ನೂ ನಿಧಾನವಾಗಿ ತಿನ್ನುತ್ತದೆ. ಮೂಳೆಯಲ್ಲಿ ಈಗಾಗಲೇ ಸಣ್ಣ ಗುಳಿಗಳು ಶುರುವಾಗಿವೆ. ಈಗಲೇ ಆಪರೇಷನ್ ಮಾಡಿ ಮೊಣಕಾಲಿನ ಮುಂದಿನಿಂದಲೂ ಹಿಂದಿನಿಂದಲೂ ಆ ಪೊರೆಯನ್ನು ತೆಗೆಯಬೇಕು. ಕೀಲು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಈ ಗಡ್ಡೆ ಮತ್ತೆ ಬರಬಹುದು, ಅದಕ್ಕೆ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಬಂದರೆ ಮತ್ತೆ ತೆಗೆಯಬಹುದು, ಕೆಲವರಿಗೆ ಆಮೇಲೆ ಕಿರಣ ಚಿಕಿತ್ಸೆ ಕೊಡುತ್ತಾರೆ. ಹೊರದೇಶಗಳಲ್ಲಿ ಇದಕ್ಕೆಂದೇ ಒಂದು ಮಾತ್ರೆ ಬಂದಿದೆ, ಇಲ್ಲಿ ಸಿಗುವುದು ಕಷ್ಟ. ಸುಮ್ಮನೆ ಕಾದು ನೋಡುವುದು ಈ ರೋಗಿಯ ಮಟ್ಟಿಗೆ ಸರಿಯಲ್ಲ. ತಡಮಾಡಿದರೆ ಉಳಿಯುವುದು ಒಂದೇ ದಾರಿ — ಕೀಲನ್ನೇ ತೆಗೆದು ಕೃತಕ ಕೀಲು ಹಾಕುವುದು. ಇಷ್ಟು ಚಿಕ್ಕ ವಯಸ್ಸಿನವನಿಗೆ, ಇಷ್ಟು ನಡೆಯುವವನಿಗೆ ಅದನ್ನು ತಪ್ಪಿಸಬೇಕು.

ಇಷ್ಟು ಓದುವವರೆಗೆ ನಾನು ಸರಿಯಾಗಿಯೇ ಇದ್ದೆ. ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಕನ್ನಡದ ಮಾತು ಹುಡುಕುತ್ತಿದ್ದೆ. ಎರಡನೇ ಹಾಳೆಯ ಕೊನೆಗೆ ಇನ್ನೊಂದು ಪ್ಯಾರಾ ಇತ್ತು. ‘ರೋಗಿಯು ಒಂದೂವರೆ ವರ್ಷದಿಂದ ಔಷಧಿ ಅಂಗಡಿಯೊಂದರಿಂದ ಹೆಸರಿಲ್ಲದ ಬಿಡಿ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾನೆ. ಅದರಲ್ಲೊಂದು ಸ್ಟೀರಾಯ್ಡ್ ಇರುವಂತೆ ಕಾಣುತ್ತದೆ. ಒಮ್ಮೆಲೇ ನಿಲ್ಲಿಸುವಂತಿಲ್ಲ, ಕ್ರಮವಾಗಿ ಇಳಿಸಬೇಕು. ಮುಂದಿನ ಭೇಟಿಗೆ ಆ ಮಾತ್ರೆಗಳನ್ನು ತರಲು ಹೇಳಿದೆ.’

ಅಂಗಡಿಯ ಹೆಸರಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಎದುರಿಗೆ ತಿಪ್ಪೇಶ ಎರಡು ಕೈಯನ್ನೂ ಕಟ್ಟೆಯ ಮೇಲೆ ಊರಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಅವನು ಮುಂದಿನ ವಾರ ದುರ್ಗಕ್ಕೆ ಹೋದರೆ ಪೊಟ್ಟಣ ಒಯ್ಯುತ್ತಾನೆ. ‘ಯಾರಪ್ಪ ಕೊಟ್ಟದ್ದು’ ಅಂದರೆ ಹೆಮ್ಮೆಯಿಂದ ನನ್ನ ಹೆಸರು ಹೇಳುತ್ತಾನೆ. ಆಮೇಲೆ ವಿಚಾರಣೆ, ಲೈಸೆನ್ಸು, ಮಠದ ಸಭೆಯಲ್ಲಿ ನನಗೆ ಹೊದಿಸಿದ್ದ ಶಾಲು, ‘ಬಡವರ ಡಾಕ್ಟ್ರು’ ಎಂದು ಭಾಷಣ ಮಾಡಿದವರ ಮುಖ — ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ತಿಪ್ಪೇಶನ ಮೊಣಕಾಲು ಬರಲಿಲ್ಲ. ಅದು ನನ್ನಿಂದ ಒಂದು ಮೊಳ ದೂರದಲ್ಲೇ ಇತ್ತು.

‘ಏನೈತೆ ಡಾಕ್ಟ್ರೆ?’

ನಾನು ಹೇಳಿದ್ದು ಇದು. ಒಂದು ಅಕ್ಷರ ಬಿಡದೆ ನೆನಪಿದೆ.

‘ಹೆದರ್ಕೋಬೇಡ ತಿಪ್ಪೇಶ. ಕ್ಯಾನ್ಸರ್ ಅಲ್ಲ ಅಂತ ಬರೆದಿದಾರೆ. ಬರೀ ಗಂಟು. ಆಪರೇಷನ್ ಮಾಡಬಹುದಂತೆ, ಆದ್ರೆ ಮಾಡಿದ್ರೂ ಮತ್ತೆ ಬರುತ್ತಂತೆ. ಮತ್ತೆ ಬರೋದಾದ್ರೆ ಕಾಲು ಯಾಕೆ ಕೊಯ್ಸ್ಕೋತೀಯ? ಮಾತ್ರೆಯಲ್ಲೇ ಹಿಡಿತಕ್ಕೆ ತರೋಣ.’

ನೋಡಿ, ಇದರಲ್ಲಿ ಮೊದಲ ಮಾತುಗಳೆಲ್ಲ ಕಾಗದದಲ್ಲಿದ್ದವೇ. ಬಹಳ ದಿನ ಇದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಂಡೆ — ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು. ತಿಪ್ಪೇಶನ ಮುಖದಲ್ಲಿ ಒಂದೇ ಸಲಕ್ಕೆ ಜೀವ ಬಂತು. ಅವನು ಆಗಲೇ ಹೆಂಡತಿಯ ಕಡೆ ತಿರುಗಿ ‘ನಾನೇಳ್ಲಿಲ್ವೇನೆ?’ ಅನ್ನುತ್ತಿದ್ದ. ಸಾಕಮ್ಮ ನಗಲಿಲ್ಲ. ಕಾಗದವನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬಾರದು.

‘ಇಷ್ಟೇನಾ ಅಣ್ಣಾರೆ ಬರ್ದಿರೋದು? ಎರಡು ಹಾಳೆ ಐತಲ್ಲ,’ ಅಂದಳು.

‘ಇಂಗ್ಲಿಷ್‌ನಲ್ಲಿ ಹಂಗೇನಮ್ಮ, ಇಷ್ಟು ಹೇಳಕ್ಕೆ ಅಷ್ಟುದ್ದ ಬರೀತಾರೆ.’

ಇದು ಸುಳ್ಳು. ಇದು ಅಪ್ಪಟ ಸುಳ್ಳು. ಮೇಲಾಗಿ ಒಂದು ಕೆಲಸ ಮಾಡಿದೆ — ಕಾಗದವನ್ನು ಮಡಿಸಿ, ‘ಇದು ನನ್ನ ಹತ್ರ ಇರಲಿ, ನಿಮ್ಮ ಹತ್ರ ಕಳೆದುಹೋಗುತ್ತೆ’ ಅಂತ ಮೇಜಿನ ಖಾನೆಯೊಳಗೆ ಹಾಕಿಕೊಂಡೆ. ಸ್ಕ್ಯಾನಿನ ಲಕೋಟೆಯನ್ನು ಅವರಿಗೆ ಕೊಟ್ಟೆ. ಅದರಲ್ಲಿ ನನ್ನ ಸುದ್ದಿ ಇರಲಿಲ್ಲ.

ಆ ಕಾಗದದ ಒಂದು ಸಲಹೆಯನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ. ಬಿಳಿ ಮಾತ್ರೆಯನ್ನು ವಾರದಿಂದ ವಾರಕ್ಕೆ ಕಡಿಮೆ ಮಾಡುತ್ತಾ, ಎರಡು ತಿಂಗಳಲ್ಲಿ ಪೊಟ್ಟಣದಿಂದ ತೆಗೆದೇಬಿಟ್ಟೆ. ಅವನ ಒಳ್ಳೆಯದಕ್ಕೆ ಎಂದು ಬರೆಯಲು ಕೈ ಬರುತ್ತಿಲ್ಲ. ಯಾರಾದರೂ ಪೊಟ್ಟಣ ಬಿಚ್ಚಿಸಿ ನೋಡಿದರೆ ಏನೂ ಸಿಗಬಾರದು, ಅಷ್ಟೇ. ಬಿಳಿ ಮಾತ್ರೆ ನಿಂತ ಮೇಲೆ ಊತ ಮೊದಲಿಗಿಂತ ಜೋರಾಯಿತು. ‘ಕಾಯಿಲೆ ಜಾಸ್ತಿ ಆಗೈತೆ ಅನ್ಸುತ್ತೆ’ ಅಂದ ತಿಪ್ಪೇಶ. ‘ಇರ್ಲಿ, ತಾಳ್ಮೆ ಬೇಕು’ ಅಂದೆ. ತಾಳ್ಮೆಯ ಪಾಠ ನಾನು ಹೇಳಿದೆ.

ಮೂರು ವರ್ಷ ಹೋಯಿತು. ಅವನು ಮೊದಲು ಕೋಲು ಹಿಡಿದ. ಆಮೇಲೆ ದೂರದ ಮಂದೆ ಬಿಟ್ಟ. ಆಮೇಲೆ ಸಾಕಮ್ಮನೇ ಕುರಿ ಹೊಡೆದುಕೊಂಡು ಹೋಗತೊಡಗಿದಳು, ಅವನು ಊರ ಹತ್ತಿರ ಮರಿಗಳನ್ನು ಕಾಯುತ್ತಿದ್ದ. ಹೊಸದುರ್ಗದ ಕಡೆಯ ಅವನ ಸೋದರಮಾವ ಬಂದು, ಕುರಿಗೆ ಕೀಲು ಊದಿದರೆ ಬರೆ ಹಾಕುವ ಹಾಗೆ ಇವನಿಗೂ ಕಾದ ಕಬ್ಬಿಣದಲ್ಲಿ ಬರೆ ಹಾಕಿಬಿಡೋಣ ಅಂದನಂತೆ. ತಿಪ್ಪೇಶ ನನ್ನನ್ನು ಕೇಳಲು ಬಂದ. ನಾನು ರೇಗಿದೆ. ‘ಯಾವ ಕಾಲದಲ್ಲಿದೀರಪ್ಪ ನೀವು? ಬರೆ ಗಿರೆ ಅಂತ ಕಾಲು ಸುಡ್ಕೊಂಡ್ರೆ ನೋಡು!’ ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಬುದ್ಧಿ ಹೇಳಿದೆ. ಆ ಸೋದರಮಾವ ತಿಳಿಯದವನು, ತನಗೆ ತಿಳಿದದ್ದನ್ನೇ ಮಾಡಲು ಹೊರಟಿದ್ದ. ನನ್ನ ಖಾನೆಯಲ್ಲಿ ಕಾಗದವಿತ್ತು.

ಖಾನೆ ತೆರೆದಾಗಲೆಲ್ಲ ಅದು ಕಾಣುತ್ತಿತ್ತು. ಹರಿದುಹಾಕಬಹುದಿತ್ತು. ಯಾಕೆ ಹರಿಯಲಿಲ್ಲವೋ — ಮುಂದೆಂದೋ ಸರಿಮಾಡುತ್ತೇನೆ ಎಂದುಕೊಂಡಿದ್ದೆನೋ, ಅಥವಾ ಹರಿದರೆ ನಿಜವಾಗಿಯೂ ಕೆಟ್ಟವನಾಗುತ್ತೇನೆ, ಇಟ್ಟುಕೊಂಡಿರುವವರೆಗೆ ಅಷ್ಟೇನಿಲ್ಲ ಎಂದೋ. ಅದರ ಮೇಲೆ ರಸೀದಿ ಪುಸ್ತಕ ಇಟ್ಟೆ.

ಕೊನೆಗೆ ಅವನು ಮನೆಯ ಹೊಸ್ತಿಲು ದಾಟಲಾರದೆ ಬಿದ್ದ. ಮತ್ತೆ ಸಾಕಮ್ಮನೇ ಅವನನ್ನು ಚಿತ್ರದುರ್ಗದ ಅದೇ ಡಾಕ್ಟರ ಹತ್ತಿರ ಕರೆದೊಯ್ದಳು. ಅಲ್ಲಿಂದ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ. ಪೊರೆ ತೆಗೆದು ಕೀಲು ಉಳಿಸುವ ಕಾಲ ಮುಗಿದಿತ್ತು. ಗಡ್ಡೆಯನ್ನೂ ಕೀಲನ್ನೂ ತೆಗೆದು ಲೋಹದ್ದು ಹಾಕಿದರು. ಮೂವತ್ತೊಂದು ವರ್ಷಕ್ಕೆ. ಸಮ ನೆಲದಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕಲ್ಲು ಬದು ಹತ್ತುವಂತಿಲ್ಲ. ಹಾಕಿದ ಕೀಲು ಸವೆದಾಗ ಇನ್ನೊಮ್ಮೆ ಕೊಯ್ಯಬೇಕು. ಕುರಿಗಳನ್ನು ಮಾರಿದರು. ಹತ್ತು ಮೇಕೆ ಉಳಿಸಿಕೊಂಡು ಸಾಕಮ್ಮ ಮೇಯಿಸುತ್ತಾಳೆ.

ಆಪರೇಷನ್ ಆಗಿ ಬಂದ ಮೇಲೆ ತಿಪ್ಪೇಶ ನನ್ನನ್ನು ನೋಡಲೆಂದೇ ಅಂಗಡಿಗೆ ಬಂದ. ನಾನೇ ಹೋಗಬೇಕಿತ್ತು, ಹೋಗಿರಲಿಲ್ಲ. ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಹೇಳಿದ:

‘ದುರ್ಗದ ಡಾಕ್ಟ್ರು ಬಾಳ ಬೈದ್ರು ಅಣ್ಣಾರೆ. ಆವತ್ತೇ ಯಾಕೆ ಬರಲಿಲ್ಲ, ಕಾಗದ ಯಾರಿಗೆ ತೋರ್ಸಿದ್ದೆ ಅಂದ್ರು. ನಾನು ನಿಮ್ಮ ಹೆಸರು ಎತ್ತಲಿಲ್ಲ. ನಮಗೇ ತಿಳೀಲಿಲ್ಲ ಸಾರ್ ಅಂದೆ. ನೀವು ಒಳ್ಳೇದಕ್ಕೇ ಹೇಳಿದ್ರಿ, ನಿಮಗ್ಯಾಕೆ ತೊಂದ್ರೆ?’

ನಾನು ಅವನ ಕೈ ಹಿಡಿದುಕೊಂಡೆ. ಅವನು ಅದನ್ನು ಪ್ರೀತಿ ಎಂದುಕೊಂಡ. ಆ ಕ್ಷಣ ನನಗೆ ಆದದ್ದು ನಿರಾಳ — ಬಚಾವಾದೆ ಎಂಬ ನಿರಾಳ. ಇದನ್ನು ಬರೆಯುವುದಕ್ಕೆ ಕಾಗದದ ಸಂಗತಿ ಬರೆಯುವುದಕ್ಕಿಂತ ಕಷ್ಟವಾಯಿತು.

ಆಮೇಲೆ ಎರಡು ವರ್ಷ ಏನೂ ಆಗಲಿಲ್ಲ. ಏನೂ ಆಗದೆ ನಾನು ಸಾಯಬಹುದಿತ್ತು. ಆದರೆ ಹೋದ ತಿಂಗಳು ತಿಪ್ಪೇಶ ತನ್ನ ತಂಗಿಯನ್ನು ಕರೆದುಕೊಂಡು ಬಂದ. ಚಿಕ್ಕಜಾಜೂರಿಗೆ ಕೊಟ್ಟ ತಂಗಿ. ಬಲ ಮಣಿಕಟ್ಟು ಊದಿತ್ತು.

‘ಇವ್ಳ ಗಂಡ ದಾವಣಗೆರೆಗೆ ಹೋಗಾಣ ಅಂದ. ನಾನೇ ಬ್ಯಾಡ ಅಂದೆ. ಮೊದ್ಲು ನಮ್ಮ ಡಾಕ್ಟ್ರು ನೋಡ್ಲಿ, ಅವ್ರ ಕೈಗುಣ ನನಗೆ ಗೊತ್ತು ಅಂದೆ,’ ಅಂದ. ಆಮೇಲೆ ತಂಗಿಗೆ, ‘ಕೈ ಚಾಚವ್ವ, ಒತ್ತಿ ನೋಡ್ತಾರೆ,’ ಅಂದ.

ಆ ಹೆಣ್ಣುಮಗಳು ಕಟ್ಟೆಯ ಮೇಲೆ ಕೈ ಚಾಚಿದಳು. ಉಸಿರು ಬಿಗಿಹಿಡಿದು ನನ್ನ ಮುಖ ನೋಡಿದಳು. ನಾನು ಆ ಕೈ ಮುಟ್ಟಲಿಲ್ಲ. ‘ನಾನು ಡಾಕ್ಟ್ರಲ್ಲಮ್ಮ. ನನಗೆ ಗೊತ್ತಾಗಲ್ಲ. ಈಗಲೇ ಹೊರಡಿ, ದಾವಣಗೆರೆಗೇ ಹೋಗಿ,’ ಅಂದೆ. ‘ಗೊತ್ತಾಗಲ್ಲ’ ಎಂಬ ಮಾತು ಇಷ್ಟು ವರ್ಷದಲ್ಲಿ ಮೊದಲ ಸಲ. ತಿಪ್ಪೇಶ ತಮಾಷೆ ಇರಬೇಕೆಂದು ನಕ್ಕ. ನಾನು ನಗದಿದ್ದುದನ್ನು ನೋಡಿ ಅವಳನ್ನು ಕರೆದುಕೊಂಡು ಬಸ್ಸಿಗೆ ಹೋದ. ಅವಳದು ಬರೀ ಉಳುಕು, ಪಟ್ಟಿ ಕಟ್ಟಿ ಕಳಿಸಿದರಂತೆ. ಒಳ್ಳೆಯದಾಯಿತು. ನನ್ನ ತಪ್ಪು ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಖಾನೆಯಿಂದ ಕಾಗದ ತೆಗೆದುಕೊಂಡು ರಾಮಗಿರಿಗೆ ಹೋದೆ. ಮಡಿಕೆಯ ಗುಂಟ ಹಳದಿಯಾಗಿತ್ತು, ಅಕ್ಷರ ಹಾಗೆಯೇ ಇತ್ತು. ತಿಪ್ಪೇಶ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂಲಿಗೆ ತಂದ ಉಣ್ಣೆ ಬಿಡಿಸುತ್ತಿದ್ದ. ನನ್ನನ್ನು ಕಂಡವನೇ ಎರಡು ಕೈಯನ್ನೂ ಕುರ್ಚಿಯ ತೋಳಿಗೆ ಊರಿ ಎದ್ದ. ಕೂತ್ಕೋ ಕೂತ್ಕೋ ಎಂದರೂ ಕೇಳಲಿಲ್ಲ. ಆ ಕಾಲನ್ನು ನೇರ ಮುಂದೆ ಚಾಚಿ, ಹಲ್ಲು ಕಚ್ಚಿ, ಪೂರ್ತಿ ಎದ್ದು ನಿಂತ.

‘ಬರ್ರಿ ಅಣ್ಣಾರೆ! ನಮ್ಮನೆಗೆ ಬಂದ್ಬಿಟ್ರಲ್ಲ. ಕುಂತ್ಕಳ್ರಿ. ಸಾಕಿ, ಮಜ್ಜಿಗೆ ತಗಂಬಾರೆ, ಡಾಕ್ಟ್ರು ಬಂದವ್ರೆ!’

ಅವನನ್ನು ಕೂರಿಸಿ, ಎದುರಿನ ಕಟ್ಟೆಯ ಮೇಲೆ ನಾನು ಕೂತೆ. ಸಾಕಮ್ಮ ಲೋಟ ತಂದು ಪಕ್ಕದಲ್ಲಿಟ್ಟು ಬಾಗಿಲಿಗೆ ಒರಗಿ ನಿಂತಳು. ‘ಒಂದು ಕಾಗದ ಓದಿ ಹೇಳಬೇಕು’ ಅಂದೆ. ಓದಿದೆ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ‘ಈಗಲೇ ಆಪರೇಷನ್ ಮಾಡಬೇಕು, ಕೀಲು ಉಳಿಯುವ ಸಾಧ್ಯತೆ ಚೆನ್ನಾಗಿದೆ’ ಎಂದಾಗ ಅವನ ಕೈಯ ಉಣ್ಣೆ ನಿಂತಿತು. ‘ಇಷ್ಟು ನಡೆಯುವವನಿಗೆ’ ಎಂಬಲ್ಲಿ ಬೆರಳಿಟ್ಟು ಎರಡು ಸಲ ಓದಿದೆ. ನಿಲ್ಲಿಸಲಿಲ್ಲ. ಎರಡನೇ ಹಾಳೆಯ ಕೊನೆಯ ಪ್ಯಾರಾವನ್ನೂ ಓದಿದೆ. ಆ ಬಿಳಿ ಮಾತ್ರೆ ಏನು, ಮುಖ ಯಾಕೆ ಊದಿತ್ತು, ಆಮೇಲೆ ನಾನು ಅದನ್ನು ಯಾಕೆ ತೆಗೆದೆ, ಎಲ್ಲ ಹೇಳಿದೆ.

ಹಟ್ಟಿಯಲ್ಲಿ ಮೇಕೆಯೊಂದು ಕೂಗುತ್ತಿತ್ತು. ತಿಪ್ಪೇಶ ಪಂಚೆ ಸರಿಸಿ ತನ್ನ ಕಾಲನ್ನು ನೋಡಿಕೊಂಡ.

‘ಇದು ಆವತ್ತೇ ಬರ್ದಿತ್ತಾ?’

‘ಹೂಂ. ಇದೇ ಹಾಳೆ.’

‘ಆವತ್ತು ನಿಮಗೆ ಅರ್ಥ ಆಗಿತ್ತಾ?’

ಆ ಪ್ರಶ್ನೆಯಲ್ಲಿ ಅವನು ನನಗೆ ಒಂದು ದಾರಿ ಬಿಟ್ಟಿದ್ದ. ಇಲ್ಲ ಎಂದಿದ್ದರೆ ನಂಬುತ್ತಿದ್ದ. ನಂಬುವುದಕ್ಕೆ ಕಾಯುತ್ತಿದ್ದ ಎಂದು ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು. ನಾಲಿಗೆಯ ತುದಿಗೆ ಆ ಮಾತು ಬಂದದ್ದೂ ಹೌದು — ಆ ಕ್ಷಣದಲ್ಲೂ.

‘ಆಗಿತ್ತು,’ ಅಂದೆ.

‘ಎರಡು ಹಾಳೆ ಐತಲ್ಲ ಅಂತ ನಾನು ಕೇಳಿದ್ದೆ,’ ಅಂದಳು ಸಾಕಮ್ಮ. ಜೋರಾಗಿ ಅನ್ನಲಿಲ್ಲ. ನನಗೆ ಹೇಳಿದ ಹಾಗೂ ಇರಲಿಲ್ಲ.

ತಿಪ್ಪೇಶ ಕೈ ಚಾಚಿದ. ಕಾಗದ ಕೊಟ್ಟೆ. ಮಡಿಕೆ ಕೆಡದ ಹಾಗೆ ಮಡಿಸಿ ಹೆಂಡತಿಗೆ ಕೊಟ್ಟು, ‘ಒಳಗಿಡು. ನಮ್ದು ಕಾಗದ,’ ಅಂದ. ಆಮೇಲೆ ಮತ್ತೆ ಉಣ್ಣೆ ಕೈಗೆತ್ತಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಸಿಕೊಂಡು ಹಗುರಾಗಲು ಸಿದ್ಧನಾಗಿ ಹೋಗಿದ್ದೆ. ಅವನು ಉಣ್ಣೆ ಬಿಡಿಸುತ್ತಲೇ ಇದ್ದ. ನಾನು ಎದ್ದೆ. ನಮ್ಮ ಕಡೆ ಹಗೆಯವನು ಮನೆಯಿಂದ ಹೊರಟರೂ ‘ಹೋಗ್ಬರ್ರಿ’ ಅನ್ನುತ್ತಾರೆ. ನಾನು ಬೀದಿಗೆ ಇಳಿಯುವವರೆಗೆ ಕಾದೆ. ತಿಪ್ಪೇಶ ತಲೆ ಎತ್ತಲಿಲ್ಲ, ಕುರ್ಚಿಯಿಂದ ಏಳಲಿಲ್ಲ. ಮಜ್ಜಿಗೆ ಕಟ್ಟೆಯ ಮೇಲೆ ಹಾಗೆಯೇ ಇತ್ತು.

ಈಗ ಅಂಗಡಿಯಲ್ಲಿ ಬಿಡಿ ಮಾತ್ರೆಯ ಡಬ್ಬಿಗಳಿಲ್ಲ. ಚೀಟಿಯಿಲ್ಲದವರಿಗೆ ‘ನನಗೆ ಗೊತ್ತಾಗಲ್ಲ’ ಅನ್ನುತ್ತೇನೆ. ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇದರಿಂದ ಏನನ್ನೂ ತೀರಿಸಿದಂತಾಗಲಿಲ್ಲ ಎಂದು ನನಗೆ ಗೊತ್ತು. ಇಲ್ಲಿ ಬರೆದಷ್ಟನ್ನೂ ನನ್ನ ಹೆಸರು ಹಾಕಿ, ಸಹಿ ಮಾಡಿ, ಜಿಲ್ಲೆಯ ಔಷಧ ಪರಿವೀಕ್ಷಕರಿಗೆ ಕೊಡಲು ಸೋಮವಾರ ಚಿತ್ರದುರ್ಗಕ್ಕೆ ಹೋಗುತ್ತೇನೆ. ಅವರು ಏನು ಮಾಡಿದರೂ ಮಾಡಲಿ. ಒಂದು ಪ್ರತಿಯನ್ನು ರಾಮಗಿರಿಗೆ ಕಳಿಸುತ್ತೇನೆ. ಇದು ಕನ್ನಡದಲ್ಲಿದೆ. ತಿಪ್ಪೇಶ ತಾನೇ ಓದಿಕೊಳ್ಳಬಹುದು.